ನಾಲ್ಕು ವರ್ಷ ಖಾಲಿಯಿದ್ದ ಜೇನು ಪೆಟ್ಟಿಗೆ ಬಳಸಬಹುದೇ?

ಪ್ರಶ್ನೆ: ಜೇನು ಸಾಕಣೆ ಬಿಟ್ಟ ಪರಿಚಯದವರೊಬ್ಬರು ಆರು ಹಳೆಯ ಪೆಟ್ಟಿಗೆ ಕೊಟ್ಟಿದ್ದಾರೆ. ಫ್ರೇಮ್‌ಗಳಲ್ಲಿ ಕಟ್ಟಿದ ಮೇಣದ ಎರಿ ಹಾಗೇ ಇದೆ. ಅದರಲ್ಲಿ ನೊಣ ಇಲ್ಲದೆ ನಾಲ್ಕು ವರ್ಷವಾಯಿತಂತೆ. ಇಷ್ಟು ದಿನ ಖಾಲಿಯಿದ್ದ ಮೇಲೆ ರೋಗ ಉಳಿದಿರಲ್ಲ ಅಲ್ವಾ? ನನ್ನ ಜೇನು ಕುಟುಂಬಗಳನ್ನು ಪಾಲು ಮಾಡಿ ಇವುಗಳಿಗೆ ಹಾಕೋಣ ಎಂದಿದ್ದೇನೆ. ಬೇಕಾದರೆ ಮೊದಲೇ ಔಷಧ ಕೊಡುತ್ತೇನೆ.

ಉತ್ತರ: ದಯವಿಟ್ಟು ಹಾಕಬೇಡಿ. ಆ ಎರಿಗಳನ್ನು ನಿಮ್ಮ ನೊಣ ಮುಟ್ಟದ ಹಾಗೆ ಇವತ್ತೇ ಮುಚ್ಚಿಡಿ.

ನಿಮ್ಮ ಲೆಕ್ಕ ಅರ್ಧ ಸರಿ. ಜೇನುನೊಣಗಳನ್ನು ಕಾಡುವ ವರೋವಾ ನುಸಿಗೆ ನೊಣವೋ ಮರಿಯೋ ಬೇಕೇ ಬೇಕು. ಖಾಲಿ ಪೆಟ್ಟಿಗೆಯಲ್ಲಿ ಅದು ಕೆಲವೇ ದಿನಗಳಲ್ಲಿ ಸಾಯುತ್ತದೆ. ನನಗೆ ಭಯ ಅಮೆರಿಕನ್ ಫೌಲ್‌ಬ್ರೂಡ್ ಎಂಬ ಮರಿ ಕೊಳೆಯುವ ರೋಗದ್ದು. ಅದನ್ನು ತರುವ ಬ್ಯಾಕ್ಟೀರಿಯಾದ ಬೀಜಾಣುಗಳು (ಸುಪ್ತವಾಗಿ ಉಳಿಯುವ ರೂಪ) ಎರಿಯಲ್ಲಿ, ಮರದಲ್ಲಿ 35 ವರ್ಷಕ್ಕೂ ಜಾಸ್ತಿ ಬದುಕಿರುತ್ತವೆ. ಬೆಳೆದ ನೊಣಕ್ಕೆ ಅವುಗಳಿಂದ ಏನೂ ಆಗುವುದಿಲ್ಲ. ಆದರೆ ಕೋಣೆ ಶುಚಿ ಮಾಡುವಾಗ ಬಾಯಿಗೆ ಅಂಟಿದ್ದನ್ನು ಅವು ಮರಿಗೆ ಉಣಿಸುತ್ತವೆ. ಒಂದು ದಿನದ ಮರಿ ಸಾಯಲು ಹತ್ತೇ ಬೀಜಾಣು ಸಾಕು.

ನಾನೂ ಹೀಗೇ ಮಾಡಿದ್ದೆ. ಎರಿ ಕಟ್ಟುವ ಕಷ್ಟ ನೊಣಗಳಿಗೆ ತಪ್ಪುತ್ತದೆ ಎಂದು ಖುಷಿಪಟ್ಟಿದ್ದೆ. ಮೊದಮೊದಲು ಎಲ್ಲ ಚೆನ್ನಾಗಿತ್ತು. ಆಮೇಲೆ ಮರಿಕೋಣೆಗಳ ಮುಚ್ಚಳ ಅಲ್ಲಲ್ಲಿ ಕುಸಿದು ಕಪ್ಪಾಯಿತು, ಸಣ್ಣ ತೂತು ಬಿತ್ತು. ಬೆಂಕಿಕಡ್ಡಿ ಇಳಿಸಿ ಎಳೆದೆ. ಕಂದು ಲೋಳೆ ನೂಲಿನ ಹಾಗೆ ಎರಡು ಸೆಂಟಿಮೀಟರಿಗೂ ಉದ್ದ ಬಂತು. ಪಕ್ಕದ ಎರಡು ಪೆಟ್ಟಿಗೆಗಳಲ್ಲೂ ಅದೇ ಕಥೆ. ಸೊರಗಿದ ಗೂಡಿಗೆ ನುಗ್ಗಿ ಜೇನು ಕದ್ದ ನೊಣಗಳು ರೋಗವನ್ನೂ ಹೊತ್ತು ತಂದಿದ್ದವು. ಸಂಜೆ ನೊಣಗಳೆಲ್ಲ ಒಳಗೆ ಸೇರಿದ ಮೇಲೆ ಮೂರು ಕುಟುಂಬಗಳನ್ನು ಗುಂಡಿಯಲ್ಲಿ ಸುಟ್ಟು ಮಣ್ಣು ಮುಚ್ಚಿದೆ. ಆ ಸಂಜೆಯನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಔಷಧದ ವಿಷಯ ಕೇಳಿದಿರಿ. ಆ್ಯಂಟಿಬಯಾಟಿಕ್ ಬೀಜಾಣುವನ್ನು ಕೊಲ್ಲುವುದಿಲ್ಲ. ರೋಗದ ಗುರುತನ್ನು ಮರೆಮಾಡುತ್ತದೆ, ಅಷ್ಟೇ. ನೀವು ವಾಸಿಯಾಯಿತು ಎಂದುಕೊಂಡು ಫ್ರೇಮ್‌ಗಳನ್ನು ಬೇರೆ ಪೆಟ್ಟಿಗೆಗೆ ಹಾಕುತ್ತೀರಿ. ಜೇನಿನಲ್ಲೂ ಔಷಧದ ಅಂಶ ಸೇರುತ್ತದೆ.

ಈಗ ಒಂದೊಂದು ಎರಿಯನ್ನೂ ಬಿಸಿಲಿಗೆ ಓರೆಯಾಗಿ ಹಿಡಿದು ಕೋಣೆಗಳ ಕೆಳಗಿನ ಗೋಡೆ ನೋಡಿ. ಕೆರೆದರೂ ಬಿಡದ ಕಪ್ಪು ಹಕ್ಕಳೆ (ರೋಗದಿಂದ ಸತ್ತು ಒಣಗಿದ ಮರಿ) ಅಂಟಿದ್ದರೆ ಏನನ್ನೂ ಅಲುಗಿಸದೆ ಜೇನು ರೋಗ ನೋಡುವ ಅಧಿಕಾರಿಗೆ ತಿಳಿಸಿ. ಹಲವು ದೇಶಗಳಲ್ಲಿ ಹೀಗೆ ತಿಳಿಸುವುದು ಕಡ್ಡಾಯ. ಏನೂ ಕಾಣದಿದ್ದರೂ ಎರಿ, ಫ್ರೇಮ್ ಎರಡನ್ನೂ ಸುಟ್ಟುಬಿಡಿ. ನೊಣಗಳು ಹೊಸ ಎರಿ ಕಟ್ಟಿಕೊಳ್ಳುತ್ತವೆ. ಬರಿ ಪೆಟ್ಟಿಗೆಯ ಮೇಣ, ಅಂಟು ಕೆರೆದು ತೆಗೆಯಿರಿ. ಬ್ಲೋ ಟಾರ್ಚ್‌ನಿಂದ ಒಳಮೈಯನ್ನು ಕಂದು ಬಣ್ಣ ಬರುವ ತನಕ ಕಾಯಿಸಿ. ಮೂಲೆ, ಸಂದಿ ಬಿಡಬೇಡಿ. ಕೆರೆದ ಚೂರುಗಳನ್ನೂ ಸುಡಿ.

ಇಷ್ಟಕ್ಕೂ ಮೊದಲು ಆ ಪರಿಚಯದವರಿಗೆ ಫೋನ್ ಮಾಡಿ. ನೊಣಗಳು ಹಾರಿಹೋದವಾ, ಸತ್ತವಾ, ಕೊನೆಗೆ ಮರಿಗಳು ಹೇಗಿದ್ದವು ಎಂದು ಕೇಳಿ. ನಾನು ಅವತ್ತು ಕೇಳಿರಲಿಲ್ಲ. ಮರಿಗಳು ಕೊಳೆತು ಸತ್ತಿದ್ದವು ಎಂದರೆ ಪೆಟ್ಟಿಗೆಯನ್ನೂ ಉಳಿಸಿಕೊಳ್ಳಬೇಡಿ.