ಶಿಯಂಟ್ ದ್ವೀಪಗಳು ಯಾರವು? (ಸಂಪಾದಕರ ಉತ್ತರ)

ಪ್ರಿಯ ಓದುಗರೇ,

ಸ್ಕಾಟ್ಲೆಂಡಿನ ಶಿಯಂಟ್ ದ್ವೀಪಗಳನ್ನು ತಂದೆಯೊಬ್ಬರು ಮಗನ ಇಪ್ಪತ್ತೊಂದನೆಯ ಹುಟ್ಟುಹಬ್ಬಕ್ಕೆ ಕೊಟ್ಟರೆಂಬುದನ್ನು ಓದಿ ಮೂರು ಪ್ರಶ್ನೆ ಕೇಳಿದ್ದೀರಿ. ಜನವಸತಿ ಇಲ್ಲದ ದ್ವೀಪ ಒಂದು ಮನೆತನದ ಸ್ವತ್ತಾದದ್ದು ಹೇಗೆ? ಬೇರೆಯವರು ಕಾಲಿಡದಂತೆ ಒಡೆಯರು ತಡೆಯಬಹುದೇ? ಅಲ್ಲಿನ ಅಪರೂಪದ ಕಪ್ಪು ಇಲಿಗಳನ್ನು ಕೊಂದದ್ದು ಸರಿಯೇ?

ಈಗ ಜನವಿಲ್ಲ ಎಂದರೆ ಎಂದೂ ಇರಲಿಲ್ಲ ಎಂದಲ್ಲ. ಲೂಯಿಸ್ ದ್ವೀಪದ ಪೂರ್ವಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಈ ಮೂರು ದ್ವೀಪಗಳ ವಿಸ್ತೀರ್ಣ ಒಟ್ಟು ಸುಮಾರು 143 ಹೆಕ್ಟೇರ್. ಅವುಗಳಲ್ಲಿ ಒಂದರ ಗೇಲಿಕ್ ಹೆಸರಿನ ಅರ್ಥವೇ ‘ಮನೆಯ ದ್ವೀಪ’. ಹಳೆಯ ಸಾಗುವಳಿಯ ಏರುಮಡಿಗಳು ಹುಲ್ಲಿನಡಿ ಇಂದಿಗೂ ಕಾಣುತ್ತವೆ. ಕೊನೆಯ ಕುಟುಂಬ ಹೊರಟದ್ದು 1901ರಲ್ಲಿ. ಆದರೆ ಅಲ್ಲಿ ಬಾಳಿದವರಿಗೆ ಆ ನೆಲ ಎಂದೂ ಸ್ವಂತದ್ದಾಗಿರಲಿಲ್ಲ, ಅವರು ಗೇಣಿದಾರರು. ಈ ಚರಿತ್ರೆಯಲ್ಲಿ ನಮ್ಮನ್ನು ಹೆಚ್ಚು ಕಾಡುವ ಸಂಗತಿ ಇದೇ.

ಒಡೆತನ ಬಹುಕಾಲ ಲೂಯಿಸ್ ಜಹಗೀರಿನ ಬಾಲಂಗೋಚಿಯಾಗಿಯೇ ಸಾಗಿತು. ಸೀಫೋರ್ತಿನ ಮೆಕೆಂಜಿ ಜಮೀನ್ದಾರಿ ಮನೆತನದಿಂದ 1844ರಲ್ಲಿ ಜೇಮ್ಸ್ ಮ್ಯಾಥೆಸನ್‌ಗೆ, 1918ರಲ್ಲಿ ಸಾಬೂನು ಉದ್ಯಮಿ ಲಾರ್ಡ್ ಲೀವರ್‌ಹ್ಯೂಮ್‌ಗೆ. 1925ರಲ್ಲಿ ಕಾದಂಬರಿಕಾರ ಕಾಂಪ್ಟನ್ ಮೆಕೆಂಜಿ ಇಷ್ಟನ್ನೇ ಪ್ರತ್ಯೇಕವಾಗಿ ಕೊಂಡರು. 1937ರಲ್ಲಿ ನೈಜೆಲ್ ನಿಕೋಲ್ಸನ್ ಖರೀದಿಸಿದರು. ಮಗ ಆ್ಯಡಮ್‌ಗೆ ಇಪ್ಪತ್ತೊಂದು ತುಂಬಿದಾಗ ಅವರಿಗೆ ಕೊಟ್ಟರು. ಆ್ಯಡಮ್ ಅದೇ ಪದ್ಧತಿಯಂತೆ 2005ರಲ್ಲಿ ತಮ್ಮ ಮಗನಿಗೆ ದಾಟಿಸಿದರು.

ಎರಡನೆಯ ಪ್ರಶ್ನೆಗೆ ಉತ್ತರ: ತಡೆಯುವಂತಿಲ್ಲ. ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆಯ ಪ್ರಕಾರ, ಹೊಣೆಯರಿತು ನಡೆದುಕೊಳ್ಳುವ ಯಾರು ಬೇಕಾದರೂ ಅಲ್ಲಿ ಓಡಾಡಬಹುದು. ಮನೆ ಮತ್ತು ಅದರ ಆಸುಪಾಸು ಮಾತ್ರ ಹೊರತು. ಕ್ರಯಪತ್ರ ಕೈಯಲ್ಲಿದ್ದರೂ ಒಡೆತನಕ್ಕೆ ಬೇರೆ ಮಿತಿಗಳೂ ಇವೆ. ಉಬ್ಬರ–ಇಳಿತದ ಗೆರೆಗಳ ನಡುವಿನ ದಂಡೆ ರಾಜಸತ್ತೆಯದು ಎಂಬುದು ಅಲ್ಲಿನ ಕಾನೂನಿನ ಮೂಲ ಗ್ರಹಿಕೆ. ಅದು ತನ್ನದೆನ್ನುವವರು ಹಳೆಯ ದಾನಪತ್ರವನ್ನಾದರೂ ತೋರಿಸಬೇಕು, ಇಲ್ಲವೇ ತಕ್ಕ ದಸ್ತಾವೇಜಿನೊಂದಿಗೆ 20 ವರ್ಷಗಳ ನಿರಂತರ ಅನುಭವವನ್ನು ರುಜುವಾತು ಮಾಡಬೇಕು. ಸಾಮಾನ್ಯ ಜಮೀನಿಗಾದರೆ 10 ವರ್ಷ ಸಾಕು. 1617ರಿಂದ ನಡೆದುಬಂದ ಸಾಸೀನ್ ದಫ್ತರದ (ಸ್ಕಾಟ್ಲೆಂಡಿನ ಹಳೆಯ ಭೂ ನೋಂದಣಿ ಪುಸ್ತಕದ) ಹಳೆಯ ಪತ್ರಗಳಲ್ಲಿ ಗಡಿ ಅನೇಕ ವೇಳೆ ಬರೀ ಮಾತಿನಲ್ಲಿರುತ್ತದೆ, ನಕ್ಷೆ ಇರುವುದಿಲ್ಲ. ಈಗಿನ ನಕ್ಷೆಯಾಧಾರಿತ ಭೂದಾಖಲೆಗೆ ಸೇರಿಸುವಾಗ ತಕರಾರು ಏಳುವುದು ಇಂಥಲ್ಲೇ. ಹಕ್ಕಿಗಳಂತೂ ಯಾರ ಸ್ವತ್ತೂ ಅಲ್ಲ. ಗೂಡು–ಮೊಟ್ಟೆ ಮುಟ್ಟದಂತೆ 1981ರ ವನ್ಯಜೀವಿ ಕಾಯ್ದೆ ಒಡೆಯರನ್ನೂ ಕಟ್ಟಿಹಾಕುತ್ತದೆ.

ಇನ್ನು ಇಲಿಗಳು. ಬ್ರಿಟನ್ನಿನಲ್ಲಿ ಕಪ್ಪು ಇಲಿ ಅಪರೂಪವೆಂಬುದು ನಿಜ, ನಿಮ್ಮ ಸಂಕಟವೂ ಅರ್ಥವಾಗುತ್ತದೆ. ಆದರೆ ಅದು ಅಲ್ಲಿನ ಮೂಲ ಪ್ರಾಣಿಯಲ್ಲ. ಹಡಗಿನ ಜೊತೆ ಬಂದದ್ದು. ಜಗತ್ತಿನ ಬೇರೆಡೆ ಹೇರಳವಾಗಿದೆ. ದ್ವೀಪದಲ್ಲಿ ಸುಮಾರು 65,000 ಜೋಡಿ ಪಫಿನ್ ಎಂಬ ಕಡಲಹಕ್ಕಿಗಳು ನೆಲದ ಬಿಲಗಳಲ್ಲಿ ಮೊಟ್ಟೆಯಿಡುತ್ತವೆ, ಮೊಟ್ಟೆ ಮರಿಗಳನ್ನು ಇಲಿ ತಿನ್ನುತ್ತದೆ. ಹಾಗಾಗಿ ನಾವು ಆ ಕೆಲಸದ ಪರ.

ನಡೆಸಿದ್ದು 2015–16ರ ಚಳಿಗಾಲದಲ್ಲಿ, ಏಕೆಂದರೆ ಆಗ ಕಡಲಹಕ್ಕಿಗಳು ಗೂಡು ಬಿಟ್ಟಿರುತ್ತವೆ, ಇಲಿಗೆ ಬೇರೆ ಆಹಾರ ಕಡಿಮೆ. ವಿಷದ ಪೆಟ್ಟಿಗೆಗಳನ್ನು ಪ್ರತಿ ಇಲಿಯ ಓಡಾಟದ ಎಲ್ಲೆಯೊಳಗೆ ಒಂದಾದರೂ ಬೀಳುವಷ್ಟು ಒತ್ತಾಗಿ ಇಡಬೇಕು. ಕಡಿದಾದ ಬಂಡೆಗಳಲ್ಲಿ ಹಗ್ಗ ಕಟ್ಟಿ ಇಳಿದು ಇಡಬೇಕು. ಅಲ್ಲಿ ಕೈಬಿಟ್ಟರೆ ಒಂದು ಗಬ್ಬದ ಇಲಿ ಉಳಿದರೂ ಶ್ರಮವೆಲ್ಲ ನೀರಿನಲ್ಲಿ ಹೋಮ. ಪೆಟ್ಟಿಗೆ ಖಾಲಿಯಾಗುವುದು ನಿಂತ ಮಾತ್ರಕ್ಕೆ ಮುಗಿಯಿತೆನ್ನಲಾಗದು. ರುಚಿ ಬೆರೆಸಿದ ಮೇಣದ ತುಂಡುಗಳನ್ನಿಟ್ಟು ಹಲ್ಲಿನ ಗುರುತಿಗಾಗಿ ಎರಡು ವರ್ಷ ಹುಡುಕಬೇಕು. 2018ರ ಮಾರ್ಚಿನಲ್ಲಿ ದ್ವೀಪಗಳು ಇಲಿಮುಕ್ತವೆಂಬ ಘೋಷಣೆ ಬಂತು.

ನೀವು ಅಲ್ಲಿಗೆ ಹೋಗುವಿರಾದರೆ: ಹಡಗುಕಟ್ಟೆ ಇಲ್ಲ, ಎರಡು ದ್ವೀಪಗಳನ್ನು ಜೋಡಿಸುವ ಉರುಟುಗಲ್ಲಿನ ದಿಬ್ಬದ ಮೇಲೆ ಸಣ್ಣ ದೋಣಿಯಿಂದ ಇಳಿಯಬೇಕು, ಗಾಳಿ ಯಾವ ಕಡೆಯದೋ ಅದಕ್ಕೆ ಮರೆಯಾದ ಬದಿಯನ್ನು ಆರಿಸಿ. ಉಬ್ಬರದ ಸೆಳೆತಕ್ಕೆ ಗಾಳಿ ಎದುರಾದರೆ ಅಲೆ ಗೋಡೆಯಂತೆ ಏಳುತ್ತದೆ. ಊಟದ ಸಾಮಾನನ್ನು ಮುಚ್ಚಳ ಬಿಗಿದ ಬಕೆಟ್ಟಿನಲ್ಲಿ ತುಂಬಿ, ಚೀಲಗಳನ್ನು ದೋಣಿಯಲ್ಲೇ ಬಿಚ್ಚಿ ನೋಡಿ. ಒಳಗೆ ಇಲಿ ಕಂಡರೆ ದಡ ಮುಟ್ಟಬೇಡಿ.

— ಸಂಪಾದಕರು