ಗೇರ್‌ಬಾಕ್ಸ್ ಪೂರ್ತಿ ಬದಲಾಯಿಸೋ ಮೊದ್ಲು ಆಯಿಲ್ ಇಳಿಸಿ ನೋಡಿ

ಗಾಡಿ 1.2 ಲಕ್ಷ ಕಿಲೋಮೀಟರ್ ಓಡಿದೆ, ಸೆಕೆಂಡ್ ಗೇರ್ ಹಾಕಿದ್ರೆ ಕರ್ರ್ ಅನ್ನುತ್ತೆ, ಗೇರ್‌ಬಾಕ್ಸೇ ಬದಲಾಯಿಸಿ ಅಂತಿದ್ದಾರೆ, ಮಾಡಿಸ್ಲಾ ಇಲ್ಲ ಮಾರಿ ಆಟೋಮ್ಯಾಟಿಕ್ ತಗೊಳ್ಲಾ ಅಂತ ಕೇಳಿದ್ದೀರ. ಸದ್ಯಕ್ಕೆ ಎರಡೂ ಬೇಡ ಅಂತೀನಿ.

ನನ್ನ ಡೀಸೆಲ್ ಗಾಡಿಗೂ ಇದೇ ಆಗಿತ್ತು. 2013ರಲ್ಲಿ ತಗೊಂಡಿದ್ದು, ಹಾಸನದಿಂದ ಮಂಗಳೂರಿಗೆ ಶಿರಾಡಿ ಘಾಟ್‌ನಲ್ಲಿ ತಿಂಗಳಿಗೆ ಎರಡು ಸಲ ಓಡಾಟ, ವಾಪಸ್ ಬರ್ತಾ ಗುಂಡ್ಯ ದಾಟಿ ಏರು ಶುರುವಾದ್ಮೇಲೆ ಥರ್ಡ್‌ನಿಂದ ಸೆಕೆಂಡ್‌ಗೆ ಹಾಕಿದ್ರೆ ಸಾಕು ಹಲ್ಲು ಕಡಿಯೋ ಥರ ಶಬ್ದ. ಸರ್ವಿಸ್ ಸೆಂಟರ್‌ನೋರು ಬಿಚ್ಚದೇನೆ ಪೂರ್ತಿ ಅಸೆಂಬ್ಲಿಗೆ ಎಸ್ಟಿಮೇಟ್ ಕೊಟ್ರು. ಮನಸ್ಸು ಒಪ್ಪಲಿಲ್ಲ, ಊರಲ್ಲಿ ಹಳೇ ಮೆಕ್ಯಾನಿಕ್ ಒಬ್ರ ಹತ್ರ ತಗೊಂಡೋದೆ. ಅವ್ರು ಗಾಡಿ ಕೆಳಗೆ ತೂರಿ ಆಕ್ಸಲ್ ಗೇರ್‌ಬಾಕ್ಸ್‌ಗೆ ಸೇರೋ ಜಾಗ ಸವರಿದ್ರು, ಕೈಯೆಲ್ಲಾ ಎಣ್ಣೆ. ಆಯಿಲ್ ಇಳಿಸಿದ್ರೆ ಇರಬೇಕಾದ ಅರ್ಧಾನೂ ಇರಲಿಲ್ಲ! ಅಷ್ಟು ವರ್ಷದಲ್ಲಿ ಎಂಜಿನ್ ಆಯಿಲ್ ತಪ್ಪದೆ ಹಾಕಿಸಿದ್ದೆ, ಗೇರ್ ಆಯಿಲ್ ಒಂದು ಸಲಾನೂ ನೋಡಿಸಿರಲಿಲ್ಲ. ಕೊನೆಗೆ ಹೋಗಿದ್ದು ಒಂದು ಆಯಿಲ್ ಸೀಲ್, ಸೆಕೆಂಡ್ ಗೇರಿನ ಸಿಂಕ್ರೊ ರಿಂಗ್ (ಗೇರ್ ಬೀಳೋ ಮೊದ್ಲು ಎರಡೂ ಕಡೆ ವೇಗ ಸಮ ಮಾಡೋ ಬಳೆ), ಒಂದು ಬೇರಿಂಗ್, ಅಷ್ಟೇ. ಹೇಗೂ ಗೇರ್‌ಬಾಕ್ಸ್ ಇಳಿಸಿದ್ರಲ್ಲ ಅಂತ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಹೊಸದು ಹಾಕಿಸ್ದೆ, ಆಮೇಲೆ ಅದಕ್ಕೇ ಇನ್ನೊಂದು ಸಲ ಇಳಿಸಿದ್ರೆ ಲೇಬರ್ ಮತ್ತೆ ಕೊಡಬೇಕು. ಆ ಗಾಡಿ ಇವತ್ತಿಗೂ ನನ್ನ ಹತ್ರಾನೇ ಇದೆ, ಸೆಕೆಂಡ್ ಗೇರ್ ಬೆಣ್ಣೆ ಥರ ಬೀಳುತ್ತೆ.

ನೀವು ಮನೇಲೇ ಒಂದು ಪರೀಕ್ಷೆ ಮಾಡಿ. ಎಂಜಿನ್ ಆಫ್ ಮಾಡಿ ಎಲ್ಲಾ ಗೇರ್ ಹಾಕಿ ನೋಡಿ, ಆಮೇಲೆ ಸ್ಟಾರ್ಟ್ ಮಾಡಿ ಕ್ಲಚ್ ಪೂರ್ತಿ ಒತ್ತಿ ನಾಲ್ಕೈದು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ. ಆಫ್ ಇದ್ದಾಗ ಸಲೀಸಾಗಿ ಬಿದ್ದು ಆನ್ ಇದ್ದಾಗ ಗಟ್ಟಿ ಆಗಿ ಕರ್ರ್ ಅಂದ್ರೆ ಕ್ಲಚ್ ಸರಿಯಾಗಿ ಬಿಡ್ತಿಲ್ಲ ಅಂತ ಅರ್ಥ, ಗೇರ್‌ಬಾಕ್ಸ್ ಮೇಲೆ ಸುಮ್ಮನೆ ಅಪವಾದ. ಉಳಿದಿದ್ದೆಲ್ಲಾ ಸರಿ ಇದ್ದು ಓಡೋವಾಗ ಸೆಕೆಂಡ್ ಒಂದೇ ತಕರಾರು ಮಾಡಿದ್ರೆ ಸಿಂಕ್ರೊ ಸವೆದಿರೋ ಸಾಧ್ಯತೆ ಜಾಸ್ತಿ.

ಆಯಿಲ್ ಇಳಿಸೋವಾಗ ಪಕ್ಕದಲ್ಲೇ ನಿಂತ್ಕೊಳ್ಳಿ ದಯವಿಟ್ಟು. ಡ್ರೈನ್ ಬೋಲ್ಟಿನ ಮ್ಯಾಗ್ನೆಟ್‌ಗೆ ಕಾಡಿಗೆ ಥರ ನುಣ್ಣಗಿನ ಕಪ್ಪು ಅಂಟಿದ್ರೆ ಅದು ಮಾಮೂಲಿ ಸವೆತ. ಕೈಗೆ ಚುಚ್ಚೋ ಕಬ್ಬಿಣದ ಚೂರು ಬಂದ್ರೆ ಗೇರಿನ ಹಲ್ಲು ಮುರಿದಿರಬಹುದು, ಕೇಸಿಂಗ್ ಬಿರುಕು ಬಿಟ್ಟಿದ್ರಂತೂ ರಿಪೇರಿಗೆ ದುಡ್ಡು ಸುರೀಬೇಡಿ, ಆಗ ಪೂರ್ತಿ ಬದಲಾಯಿಸೋದೇ ವಾಸಿ. ಸೆಕೆಂಡ್ ಹ್ಯಾಂಡ್ ಹುಡುಕೋದಾದ್ರೆ ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿ ಕಡೆ ಸಿಗಬಹುದು, ಆದ್ರೆ ನಿಮ್ಮ ಎಂಜಿನ್‌ಗೆ ಹೊಂದೋ ಮಾಡೆಲ್ಲೇನಾ ಅಂತ ಮೆಕ್ಯಾನಿಕ್‌ನ ಕರ್ಕೊಂಡೇ ಹೋಗಿ ನೋಡ್ಕೊಳ್ಳಿ.

ಆಟೋಮ್ಯಾಟಿಕ್ ವಿಷ್ಯ. 2014ರಲ್ಲಿ ಮಾರುತಿ ಸೆಲೆರಿಯೊ ಬಂದ್ಮೇಲೆ ಜನ ಮುಗಿಬಿದ್ದು ತಗೊಂಡ ಎಎಂಟಿ ಒಳಗಡೆ ಇದೇ ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಹಾಕೋ ಕೆಲ್ಸ ಯಂತ್ರ ಮಾಡುತ್ತೆ ಅಷ್ಟೇ, ಕ್ಲಚ್ ಪ್ಲೇಟ್ ಅಲ್ಲೂ ಸವೆಯುತ್ತೆ. ಎರಡು ಕ್ಲಚ್ ಇರೋ ಡಿಸಿಟಿ, ಅದ್ರಲ್ಲೂ ಕ್ಲಚ್ ಆಯಿಲಲ್ಲಿ ಮುಳುಗಿರದ ಡ್ರೈ ಕ್ಲಚ್‌ನದ್ದು, ಸಿಲ್ಕ್ ಬೋರ್ಡ್ ಥರದ ಟ್ರಾಫಿಕ್ಕಲ್ಲಿ ಇಂಚಿಂಚು ತೆವಳಿದ್ರೆ ಬಿಸಿ ಆಗುತ್ತೆ. ತೆವಳೋಕೆ ನನಗೆ ನಂಬಿಕೆ ಇರೋದು ಕ್ಲಚ್ ಬದಲು ಎಣ್ಣೆ ಮೂಲಕ ಶಕ್ತಿ ದಾಟಿಸೋ ಟಾರ್ಕ್ ಕನ್ವರ್ಟರ್ ಮೇಲೆ, ಆದ್ರೆ ಅದರ ಆಯಿಲ್ ಲೈಫ್‌ಟೈಮ್ ಅಂತ ಯಾರಾದ್ರೂ ಹೇಳಿದ್ರೂ ಬದಲಾಯಿಸದೆ ಬಿಡಬೇಡಿ.