‘ಹೆಚ್ಚುವರಿ’ ಪಟ್ಟಿಯ ಭಯದಲ್ಲಿದ್ದ ಶಿಕ್ಷಕಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಊರು, ವಯಸ್ಸು ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಲಾಗಿದೆ. ಪ್ರಕರಣವನ್ನು ಬರೆಯಲು ಅವರ ಒಪ್ಪಿಗೆಯಿದೆ.)

ಹಳೇ ಮೈಸೂರು ಭಾಗದ ಒಂದು ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಮಾಡುವ, ನಲವತ್ತರ ನಡುವಿನ ವಯಸ್ಸಿನ ಈ ಶಿಕ್ಷಕಿಯನ್ನು ತಾಲ್ಲೂಕು ಆಸ್ಪತ್ರೆಯ ವೈದ್ಯರು ಆಪ್ತಸಲಹೆಗೆಂದು ನನ್ನ ಬಳಿಗೆ ಕಳುಹಿಸಿದ್ದರು. ಕೆಲವು ತಿಂಗಳಿಂದ ನಿದ್ರೆ ಬರುತ್ತಿರಲಿಲ್ಲ. ರಕ್ತದೊತ್ತಡ, ಥೈರಾಯ್ಡ್ ಪರೀಕ್ಷೆಗಳಲ್ಲಿ ದೋಷವೇನೂ ಕಂಡಿರಲಿಲ್ಲ. ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿಯಲ್ಲಿ ಎಂದೂ ದನಿ ಏರಿಸದವರು ಈಗ ಸಣ್ಣದಕ್ಕೂ ಮಕ್ಕಳ ಮೇಲೆ ರೇಗುತ್ತಿದ್ದರು. ಶಾಲೆಯ ಬಗ್ಗೆ ಯಾರಾದರೂ ಕೇಳಿಯಾರೆಂದು ಮದುವೆ ಮನೆಗಳಿಗೂ ಹೋಗುತ್ತಿರಲಿಲ್ಲ.

ಕಾರಣ ಅವರ ಮಾತಿನಲ್ಲೇ ಬಂತು: “ನನ್ನ ಕಣ್ಣೆದುರಿಗೇ ಶಾಲೆ ಖಾಲಿಯಾಗ್ತಾ ಇದೆ. ನಾನು ಸರಿಯಾಗಿ ಕಲಿಸಿದ್ದರೆ ಮಕ್ಕಳು ಯಾಕೆ ಹೋಗ್ತಿದ್ರು?”

ಶಾಲೆಯ ಮಕ್ಕಳ ಸಂಖ್ಯೆ ಅರವತ್ತಕ್ಕಿಂತ ಕೆಳಗಿಳಿದಿತ್ತು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು, ಅರವತ್ತೊಂದರಿಂದ ತೊಂಬತ್ತರವರೆಗೆ ಮೂವರು. ಹೀಗಾಗಿ ಶಾಲೆಯ ಮೂವರು ಶಿಕ್ಷಕರಲ್ಲಿ ಒಬ್ಬರು ‘ಹೆಚ್ಚುವರಿ’, ಅಂದರೆ ಆ ಶಾಲೆಗೆ ಅಗತ್ಯಕ್ಕಿಂತ ಹೆಚ್ಚಿನವರು, ಆಗುತ್ತಾರೆ. ಉಳಿದ ಇಬ್ಬರ ಪಾಲಿಗೆ ಐದು ತರಗತಿ, ಬಿಸಿಯೂಟದ ಲೆಕ್ಕ, ಆನ್‌ಲೈನ್ ದಾಖಲೆಗಳೆಲ್ಲ ಬೀಳುತ್ತವೆ. ಪಾಠಕ್ಕೆ ಸಿಗುವ ಸಮಯ ಕುಗ್ಗುತ್ತದೆ. ಅದನ್ನು ಕಂಡ ಪೋಷಕರು ಮತ್ತಷ್ಟು ಮಕ್ಕಳನ್ನು ಬಿಡಿಸುತ್ತಾರೆ. ಸರ್ಕಾರಿ ಶಾಲೆಯನ್ನು ಯಾರಿಗೂ ಮಾರದೆಯೇ ಊರಿನ ಶಿಕ್ಷಣ ಖಾಸಗಿಯ ಪಾಲಾಗುವುದು ಈ ದಾರಿಯಲ್ಲಿ. ಇದರ ಹೊಣೆಯನ್ನು ತರಗತಿಯಲ್ಲಿ ನಿಂತವರ ತಲೆಗೆ ಕಟ್ಟುವುದು ಅನ್ಯಾಯವೆಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೆ ನನ್ನ ಅಭಿಪ್ರಾಯವನ್ನು ಹೇಳಿದ ಮಾತ್ರಕ್ಕೆ ಅವರ ನಂಬಿಕೆ ಸಡಿಲವಾಗುವಂತಿರಲಿಲ್ಲ. ಆದ್ದರಿಂದ ಶಾಲೆಯ ದಾಖಲಾತಿ ವಹಿಯನ್ನೂ ಅಂಗನವಾಡಿಯ ಪಟ್ಟಿಯನ್ನೂ ಎದುರಿಗಿಟ್ಟುಕೊಂಡು, ಶಾಲೆಯಲ್ಲಿ ಕಲಿತು ವರ್ಗಾವಣೆ ಪತ್ರ ಪಡೆದು ಹೋದವರು ಯಾರು, ಶಾಲೆಗೆ ಬಾರದೆಯೇ ಬೇರೆಡೆ ಸೇರಿದವರು ಯಾರು ಎಂದು ಗುರುತು ಹಾಕಿ ಬರಲು ಹೇಳಿದೆ. ಮುಂದಿನ ಭೇಟಿಗೆ ಅವರು ಬಂದಾಗ ಮುಖದಲ್ಲಿ ಆಶ್ಚರ್ಯವಿತ್ತು. ಶಾಲೆ ಕಳೆದುಕೊಂಡ ಮಕ್ಕಳಲ್ಲಿ ಬಹುಪಾಲು ಅವರ ತರಗತಿಯಲ್ಲಿ ಒಂದು ದಿನವೂ ಕೂತವರಲ್ಲ. ಈ ಸರ್ಕಾರಿ ಶಾಲೆಯಲ್ಲಿ ಎಲ್‌ಕೆಜಿ ಇಲ್ಲದ ಕಾರಣ ನಾಲ್ಕನೇ ವಯಸ್ಸಿಗೇ ಖಾಸಗಿ ಶಾಲೆಯ ವ್ಯಾನ್ ಹತ್ತಿದ್ದರು. ಇನ್ನು ಕೆಲವರು, 2012-13ರಿಂದ ಶಿಕ್ಷಣ ಹಕ್ಕು ಕಾಯ್ದೆಯಂತೆ ಬಡ, ಹಿಂದುಳಿದ ಮಕ್ಕಳಿಗೆ ಮೀಸಲಾದ ಶೇ. 25ರ ಸೀಟಿನಡಿ ಸರ್ಕಾರವೇ ಶುಲ್ಕ ಭರಿಸಿ ಖಾಸಗಿ ಶಾಲೆಗೆ ಕಳುಹಿಸಿದ ಮಕ್ಕಳು. ಹತ್ತಿರದಲ್ಲಿ ಸರ್ಕಾರಿ ಶಾಲೆ ಇರುವಲ್ಲಿ ಆ ಸೀಟು ಕೊಡಬೇಕಿಲ್ಲವೆಂದು 2019ರಲ್ಲಿ ರಾಜ್ಯದ ನಿಯಮ ಬದಲಾಯಿತಾದರೂ, ಅಷ್ಟರಲ್ಲಿ ಅಣ್ಣ ಹೋದ ಶಾಲೆಗೇ ತಮ್ಮನನ್ನೂ ಕಳುಹಿಸುವುದು ಊರಿನ ರೂಢಿಯಾಗಿತ್ತು. ತಾವು ಕಲಿಸದ ಮಕ್ಕಳು ತಮ್ಮ ಕಲಿಸುವಿಕೆಯ ಕಾರಣಕ್ಕೆ ಹೋಗಿರಲು ಸಾಧ್ಯವಿಲ್ಲವೆಂಬುದನ್ನು ಅವರು ತಮ್ಮದೇ ಅಕ್ಷರದಲ್ಲಿ ನೋಡಿದರು.

ಇದಕ್ಕಿಂತ ಕಷ್ಟದ ವಿಷಯ ಬೇರೆಯಿತ್ತು. ದಾಖಲಾತಿ ಆಂದೋಲನಕ್ಕೆಂದು ಮನೆಮನೆಗೆ ಹೋದಾಗ ಒಬ್ಬ ತಾಯಿ, “ನಿಮ್ಮ ಮಗ ಎಲ್ಲಿ ಓದ್ತಾನೆ ಮೇಡಂ?” ಎಂದು ಕೇಳಿದ್ದರು. ಮಗ ಪಟ್ಟಣದ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಒಂಬತ್ತನೇ ತರಗತಿಯಲ್ಲಿದ್ದ. ಉತ್ತರ ಹೊಳೆಯದೆ ಹಿಂತಿರುಗಿದವರು ಅಂದಿನಿಂದ ಆ ಬೀದಿಗೆ ಹೋಗಿರಲಿಲ್ಲ. ಈ ಅಳುಕನ್ನು ನಾನು ಅಳಿಸಲು ಹೋಗಲಿಲ್ಲ, ಏಕೆಂದರೆ ಅದರಲ್ಲಿ ಸತ್ಯವಿತ್ತು. ಸಮರ್ಥನೆಗಿಳಿಯದೆ, “ಇಂಗ್ಲಿಷಿನ ಭಯಕ್ಕೆ ನಾವೂ ಹಾಗೆ ಮಾಡಿದೆವು, ಆದರೆ ನಿಮ್ಮ ಮಗುವಿಗೆ ನಾನು ಏನು ಕಲಿಸುತ್ತೇನೆಂದು ಒಂದು ದಿನ ಶಾಲೆಗೆ ಬಂದು ನೋಡಿ” ಎಂದು ನೇರವಾಗಿ ಹೇಳುವುದನ್ನು ಇಬ್ಬರೂ ಸೇರಿ ಅಭ್ಯಾಸ ಮಾಡಿದೆವು. ಅವರು ಹೋಗಿ ಹೇಳಿಯೂ ಬಂದರು. ಆ ಮಗು ಸೇರಲಿಲ್ಲ, ಆದರೆ ಬೀದಿ ತಪ್ಪಿಸಿ ನಡೆಯುವುದು ನಿಂತಿತು.

ಅದೇ ಬೀದಿಯಲ್ಲಿ ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಖಾಸಗಿ ಶಾಲೆಯ ಕರಪತ್ರ ಹಿಡಿದು ಓಡಾಡುತ್ತಿದ್ದಳು. “ನಾನೇ ಅಕ್ಷರ ಕಲಿಸಿದವಳು ನನ್ನ ಶಾಲೆ ಮುಚ್ಚಿಸೋಕೆ ನಿಂತಿದ್ದಾಳೆ” ಎಂಬ ಸಿಟ್ಟು ಇವರದು. ಅವಳೊಂದಿಗೆ ಒಮ್ಮೆ ಕೂತು ಮಾತಾಡಿ ಎಂದೆ. ಬಿ.ಇಡಿ. ಮುಗಿಸಿದ ಆ ಹುಡುಗಿಗೆ ಬೇಸಿಗೆ ರಜೆಯ ಸಂಬಳವಿಲ್ಲ, ಇಷ್ಟು ಮಕ್ಕಳನ್ನು ತಂದರಷ್ಟೇ ಜೂನ್‌ನಲ್ಲಿ ಕೆಲಸ ಎಂಬ ಷರತ್ತಿದೆ ಎಂದು ಆಗ ತಿಳಿಯಿತು. ಇವರದೇ ಶಾಲೆಯ ಅತಿಥಿ ಶಿಕ್ಷಕಿಯ ಸ್ಥಿತಿಯೂ ಅಷ್ಟೇ. ಗೌರವಧನ ತಿಂಗಳುಗಟ್ಟಲೆ ತಡವಾಗುತ್ತದೆ, ಮಕ್ಕಳು ಕಡಿಮೆಯಾದರೆ ಮೊದಲು ಹೊರಗೆ ಹೋಗುವವರು ಅವರೇ. ಮೂವರೂ ಬೇರೆ ಬೇರೆ ಬಾಗಿಲಲ್ಲಿ ನಿಂತು ಅದೇ ಮಕ್ಕಳ ಸಂಖ್ಯೆಗಾಗಿ ಹೆದರುತ್ತಿದ್ದರು. ಸಿಟ್ಟು ಇಳಿದ ಆ ವಾರವೇ ನಿದ್ರೆ ಸ್ವಲ್ಪ ಸುಧಾರಿಸಿತೆಂದು ಅವರು ಹೇಳಿದ್ದನ್ನು ನಾನು ಗುರುತು ಹಾಕಿಕೊಂಡಿದ್ದೇನೆ.

‘ಹೆಚ್ಚುವರಿ’ ಎಂದರೆ ಕೆಲಸವೇ ಹೋಯಿತೆಂದು ಅವರು ರಾತ್ರಿಗಳಲ್ಲಿ ಭಾವಿಸುತ್ತಿದ್ದರು. ಆದರೆ ಕಾಯಂ ಶಿಕ್ಷಕರಿಗೆ ಬದಲಾಗುವುದು ಸ್ಥಳ ಮಾತ್ರ. ಪಟ್ಟಿ ಪ್ರಕಟವಾದಾಗ ಮಕ್ಕಳ ಸಂಖ್ಯೆ ಮತ್ತು ಸೇವಾ ವಿವರಗಳನ್ನು ಪರಿಶೀಲಿಸಿ, ತಪ್ಪಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಲಿಖಿತವಾಗಿ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಬೇಕೆಂದೂ, ಹೋಗಬಹುದಾದ ಶಾಲೆಗಳನ್ನು ಪತಿಯೊಂದಿಗೆ ಕೂತು ಮೊದಲೇ ನೋಡಿಟ್ಟುಕೊಳ್ಳಬೇಕೆಂದೂ ಸಲಹೆ ನೀಡಿದೆ. “ಸಂಬಳ ಬರುತ್ತಲ್ಲ, ಇನ್ನೇನು?” ಎನ್ನುತ್ತಿದ್ದ ಪತಿಯನ್ನು ಒಂದು ಭೇಟಿಗೆ ಕರೆಸಿದೆ. ಇಪ್ಪತ್ತು ವರ್ಷ ಕಟ್ಟಿದ ಶಾಲೆ ಕರಗುವುದು ಅವರ ಪತ್ನಿಗೆ ಸಾವಿನ ಮನೆಯಷ್ಟೇ ನಿಜವಾದ ದುಃಖವೆಂದು ವಿವರಿಸಿದಾಗ ಅವರು ಮರುಮಾತಾಡಲಿಲ್ಲ.

ಆ ದುಃಖ ಈಗಲೂ ಇದೆ, ತಿಂಗಳಿಗೊಮ್ಮೆ ಅವರು ಬರುತ್ತಾರೆ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಎಲ್‌ಕೆಜಿ ಬೇಡಿಕೆಯ ಮನವಿ ಬರೆಸಿದ್ದಾರೆ. ಇಂಥದೇ ಸಂಕಟದಲ್ಲಿರುವ ಶಿಕ್ಷಕರು ಎರಡು ವಾರ ಮೀರಿ ನಿದ್ರೆ ಕೆಟ್ಟರೆ, ಬದುಕು ಸಾಕೆನಿಸಿದರೆ ಆ ಕ್ಷಣವೇ, ತಾಲ್ಲೂಕು ಆಸ್ಪತ್ರೆಯನ್ನಾಗಲಿ ಟೆಲಿ-ಮನಸ್ ಎಂಬ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ 14416ನ್ನಾಗಲಿ ಸಂಪರ್ಕಿಸಬೇಕು. ಅಲ್ಲಿ ಕನ್ನಡದಲ್ಲಿ ಮಾತಾಡಬಹುದು.